ಹಳೇ ಸ್ಟ್ರೀಮಿಂಗ್ ಡಬ್ಬಿಗಳ ಗೋಳು: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಹತ್ತಿರ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರೊಳಗೆ ಟೀವಿಗೆ ಇಂಟರ್ನೆಟ್ ತರುತ್ತೇವೆ ಎಂದು ಬಂದ ಹಳೇ ಡಬ್ಬಿಗಳು ಐದಾರು ಬಿದ್ದಿವೆ. ಅಮೆರಿಕದಲ್ಲಿದ್ದಾಗ ಕೊಂಡವು ಕೆಲವು. ಮೈಸೂರಿಗೆ ವಾಪಸ್ ಬಂದ ಮೇಲೆ ಗೆಳೆಯರು "ನಿನಗೆ ಇದರ ಹುಚ್ಚು ಅಲ್ವಾ, ಇಟ್ಕೋ" ಎಂದು ಕೊಟ್ಟವು ಕೆಲವು. ಮನೆಗೆ ಬಂದವರು, ಆಫೀಸಿನ ಹುಡುಗರು, ಅಟ್ಟ ಗುಡಿಸುವಾಗ ಇಂಥದೇ ಒಂದು ಸಿಕ್ಕಿದ ನೆಂಟರು, ಎಲ್ಲರೂ ಕೇಳುವುದು ಅವೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಯಾವ ಕಾಲದ ಡಬ್ಬಿಗಳ ಮಾತು ಇದು?

ಮುಖ್ಯವಾಗಿ 2007ರಿಂದ 2013ರವರೆಗಿನವು. ಆಪಲ್ ಟೀವಿ, ವೂಡು, ರೋಕು, ಬಾಕ್ಸೀ, ಗೂಗಲ್ ಟೀವಿ. 2013ರ ಜುಲೈನಲ್ಲಿ ಗೂಗಲ್‌ನವರ, ಟೀವಿಗೆ ಚುಚ್ಚುವ 35 ಡಾಲರಿನ ಪುಟ್ಟ ಕ್ರೋಮ್‌ಕಾಸ್ಟ್ ಬಂತು, ಅಲ್ಲಿಗೆ ಈ ಕಾಲ ಮುಗಿಯಿತು ಅಂತ ನನ್ನ ಲೆಕ್ಕ. ಬೇರೆಯವರ ಲೆಕ್ಕ ಬೇರೆ ಇರಬಹುದು.

ಅದಕ್ಕೂ ಮುಂಚೆ ಏನೂ ಇರಲಿಲ್ಲವಾ?

ಇತ್ತು. 1996ರಲ್ಲೇ ವೆಬ್‌ಟೀವಿ ಬಂದಿತ್ತು. ಸೋನಿ ಮತ್ತು ಫಿಲಿಪ್ಸ್ ಡಬ್ಬಿ ಮಾಡಿಕೊಡುತ್ತಿದ್ದವು. ಫೋನ್ ಲೈನಿಗೆ ಹಾಕಿದರೆ 33.6 ಕೆಬಿಪಿಎಸ್ ವೇಗ. ಅಷ್ಟರಲ್ಲಿ ಸಿನಿಮಾ ಎಲ್ಲಿಂದ ಬರಬೇಕು? ಇಮೇಲ್ ನೋಡಬಹುದಿತ್ತು, ವೆಬ್ ಪುಟ ಓದಬಹುದಿತ್ತು, ಅಷ್ಟೇ. ಅದೂ ಹಳೇ ಡೂಮ್ ಟೀವಿಯ ಮೇಲೆ, ಸಣ್ಣ ಅಕ್ಷರ ನಡುಗುತ್ತಾ ಕಾಣುತ್ತಿತ್ತು. ಮೈಕ್ರೋಸಾಫ್ಟ್ 1997ರಲ್ಲಿ ಅದನ್ನು ಸುಮಾರು 42.5 ಕೋಟಿ ಡಾಲರಿಗೆ ಕೊಂಡಿತು, ಆಮೇಲೆ ಎಂಎಸ್‌ಎನ್ ಟೀವಿ ಎಂದು ಹೆಸರಿಟ್ಟಿತು. ಜನ ನಗುತ್ತಾರೆ, ಆದರೆ ಕಂಪ್ಯೂಟರ್ ಎಂದರೆ ಹೆದರುತ್ತಿದ್ದ ಎಷ್ಟೋ ಹಿರಿಯರಿಗೆ ಮೊದಲ ಇಮೇಲ್ ಬಂದಿದ್ದು ಅದರಲ್ಲೇ. 2013ರ ಸೆಪ್ಟೆಂಬರ್ 30ರವರೆಗೂ ನಡೆಯಿತು. ಈ ಪೆಟ್ಟಿಗೆಯಲ್ಲಿರುವ ಎಷ್ಟೋ ಡಬ್ಬಿಗಳಿಗೆ ಅಷ್ಟು ಆಯಸ್ಸು ಇರಲಿಲ್ಲ.

ಅಷ್ಟೊಂದು ಬಫರಿಂಗ್ ಯಾಕೆ ಆಗುತ್ತಿತ್ತು? ಡಬ್ಬಿ ಸರಿ ಇರಲಿಲ್ಲವಾ?

ಡಬ್ಬಿಯ ತಪ್ಪು ಕಡಿಮೆ. ನಮ್ಮ ಮನೆಗಳ ಸಂಪು ನೆನಪಿಸಿಕೊಳ್ಳಿ. ಬೀದಿ ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ, ಸಂಪಿನಲ್ಲಿ ನಿಲ್ಲುತ್ತದೆ, ಮೋಟಾರು ಅಲ್ಲಿಂದ ಮೇಲಕ್ಕೆ ಎಳೆಯುತ್ತದೆ. ಬಫರ್ ಎಂದರೆ ಆ ಸಂಪು. ಸಿನಿಮಾ ಎಂದರೆ ಮೋಟಾರು. ನಲ್ಲಿಯಲ್ಲಿ ಬರುವುದಕ್ಕಿಂತ ಜೋರಾಗಿ ಮೋಟಾರು ಎಳೆದರೆ ಸಂಪು ಬರಿದು, ಆಗ ಪರದೆಯ ಮೇಲೆ ಆ ಸುತ್ತುವ ಚಕ್ರ.

ಲೆಕ್ಕ ಹಾಕಿ ನೋಡೋಣ. ಆಗ ನಾವೆಲ್ಲ ಸೀಡಿಗೆ ಸರಿಹೋಗಲಿ ಎಂದು 700 ಎಂಬಿಗೆ ಇಳಿಸುತ್ತಿದ್ದ ಸಿನಿಮಾ, ಚಿತ್ರ ಅಷ್ಟಕ್ಕಷ್ಟೇ. ಅದು 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್) ಲೈನಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಬರುತ್ತದೆ, ಅಂದರೆ ನೋಡುತ್ತಾ ನೋಡುತ್ತಾ ಬಂದುಬಿಡುತ್ತದೆ. ಅದೇ 256 ಕೆಬಿಪಿಎಸ್‌ನಲ್ಲಿ ಆರು ಗಂಟೆ. ಇನ್ನು 720ಪಿ ಎಂಬ ಎಚ್‌ಡಿ ಚಿತ್ರವನ್ನು 5 ಎಂಬಿಪಿಎಸ್‌ನಲ್ಲಿ ಎರಡು ಗಂಟೆ ಓಡಿಸಿದರೆ ನಾಲ್ಕೂವರೆ ಜಿಬಿ ಆಗುತ್ತದೆ, ಅದು 256ರ ಲೈನಿನಲ್ಲಿ ಇಳಿಯಲು 39 ಗಂಟೆ ಬೇಕು. ಶುಕ್ರವಾರ ರಾತ್ರಿ ಹಚ್ಚಿದರೆ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ ಸಿನಿಮಾ ರೆಡಿ.

ಇನ್ನೊಂದು ತೊಂದರೆ ಮನೆಯೊಳಗೇ ಇತ್ತು. ಆಗಿನ ವೈಫೈ ಬಹುಪಾಲು 2.4 ಗಿಗಾಹರ್ಟ್ಸ್ ಅಲೆಯಲ್ಲಿ. ಮೈಕ್ರೋವೇವ್ ಒಲೆಯದ್ದೂ ಅದೇ ಅಲೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರಾದರೂ ಸಾರು ಬಿಸಿ ಮಾಡಲು ಇಟ್ಟರೆ ಸಿನಿಮಾ ನಿಲ್ಲುತ್ತಿತ್ತು. ಡಬ್ಬಿ ಹಾಳಾಗಿದೆ ಎಂದು ನಾನು ಎರಡು ವಾರ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಹಾಲ್‌ನ ಗೋಡೆಗುಂಟ ಈಥರ್ನೆಟ್ ವೈರು ಎಳೆದೆ, ಮನೆಗೆ ಬಂದವರೆಲ್ಲ ಅದಕ್ಕೆ ಎಡವುತ್ತಿದ್ದರು.

ಈಗ ಅದೇ ತೊಂದರೆ ಯಾಕೆ ಅಷ್ಟು ಕಾಣುವುದಿಲ್ಲ? ಬರೀ ವೇಗ ಜಾಸ್ತಿ ಆಗಿದ್ದಕ್ಕಾ?

ವೇಗವೂ ಹೌದು, ಜಾಣತನವೂ ಹೌದು. ಮೊದಮೊದಲು ಒಂದು ಸಿನಿಮಾಗೆ ಒಂದೇ ಫೈಲು ಎಂಬಂತೆ ಕಳಿಸುತ್ತಿದ್ದರು. ಲೈನು ಸೊರಗಿದರೆ ನಿಂತು ಕಾಯಬೇಕು. ಆಮೇಲೆ ಒಂದೇ ಸಿನಿಮಾವನ್ನು ಬೇರೆ ಬೇರೆ ಗುಣಮಟ್ಟದಲ್ಲಿ, ಕೆಲವೇ ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಇಡುವ ಪದ್ಧತಿ ಬಂತು. ಲೈನು ಚೆನ್ನಾಗಿದ್ದರೆ ದಪ್ಪ ತುಣುಕು, ಸೊರಗಿದರೆ ಸಣ್ಣ ತುಣುಕು. ಚಿತ್ರ ಸ್ವಲ್ಪ ಮಸುಕಾಗುತ್ತದೆ, ನಿಲ್ಲುವುದಿಲ್ಲ. ಆಪಲ್ ಈ ಬಗೆಯ ತನ್ನ ಎಚ್‌ಎಲ್‌ಎಸ್ ಪದ್ಧತಿಯನ್ನು ಹೊರಗೆ ತಂದಿದ್ದು 2009ರಲ್ಲಿ.

ವೂಡು ಡಬ್ಬಿ ಮಾತ್ರ ಗುಂಡಿ ಒತ್ತಿದ ಕೂಡಲೇ ಸಿನಿಮಾ ಶುರು ಮಾಡುತ್ತಿತ್ತಂತೆ, ಹೇಗೆ?

ಹೌದು, ಇದು ನನಗೆ ತುಂಬಾ ಇಷ್ಟದ ತಂತ್ರ. ವೂಡು 2007ರಲ್ಲಿ 399 ಡಾಲರಿಗೆ ಬಂತು, ಒಳಗೆ 250 ಜಿಬಿ ಹಾರ್ಡ್ ಡಿಸ್ಕ್. ಸಿನಿಮಾಗಳ ಮೊದಲ ಸ್ವಲ್ಪ ಭಾಗವನ್ನು ನೀವು ಕೇಳುವ ಮುಂಚೆಯೇ ಡಬ್ಬಿಯಲ್ಲಿ ತುಂಬಿಟ್ಟಿರುತ್ತಿದ್ದರು. ನೀವು ಆ ಭಾಗ ನೋಡುತ್ತಿರುವಾಗ ಮಿಕ್ಕಿದ್ದು ಬರುತ್ತಿತ್ತು. ಎಲ್ಲಿಂದ? ಕಂಪನಿಯ ಸರ್ವರಿನಿಂದ ಮಾತ್ರ ಅಲ್ಲ, ಬೇರೆ ಮನೆಗಳ ವೂಡು ಡಬ್ಬಿಗಳಿಂದಲೂ. ಅಂದರೆ ನೀವು ಮಲಗಿದ್ದಾಗ ನಿಮ್ಮ ಡಬ್ಬಿ ನಿಮ್ಮ ಲೈನಿನಲ್ಲೇ ಇನ್ಯಾರಿಗೋ ಸಿನಿಮಾ ಕಳಿಸುತ್ತಿತ್ತು!

ತಂತ್ರ ಚೆನ್ನಾಗಿತ್ತು, ಬೆಲೆ ಚೆನ್ನಾಗಿರಲಿಲ್ಲ. ಡಬ್ಬಿಗೆ 399 ಕೊಟ್ಟ ಮೇಲೂ ಪ್ರತಿ ಸಿನಿಮಾಗೆ ಬೇರೆ ದುಡ್ಡು. ಕೊನೆಗೆ ವೂಡು ತನ್ನ ಡಬ್ಬಿಯನ್ನೇ ಬಿಟ್ಟು ಬೇರೆಯವರ ಟೀವಿ, ಪ್ಲೇಯರುಗಳೊಳಗೆ ಸೇರಿಕೊಂಡಿತು, 2010ರಲ್ಲಿ ವಾಲ್‌ಮಾರ್ಟ್ ಕೊಂಡಿತು.

ಆಪಲ್ ಟೀವಿಯನ್ನು ಸ್ಟೀವ್ ಜಾಬ್ಸ್ "ಹಾಬಿ" ಎಂದಿದ್ದು ನಿಜವಾ?

ನಿಜ, 2007ರಲ್ಲೇ. 299 ಡಾಲರ್, 40 ಜಿಬಿ ಹಾರ್ಡ್ ಡಿಸ್ಕ್, ಆರು ಗುಂಡಿಯ ಪುಟ್ಟ ಬಿಳಿ ರಿಮೋಟು, ನೋಡಲು ಮುದ್ದಾದ ಡಬ್ಬಿ. ಆದರೆ ಮೊದಲ ದಿನಗಳಲ್ಲಿ ಅದರಿಂದ ನೇರವಾಗಿ ಒಂದು ಸಿನಿಮಾ ಕೊಳ್ಳಲು ಆಗುತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಆಪಲ್‌ನ ಹಾಡು, ಸಿನಿಮಾ ಅಂಗಡಿಯಾದ ಐಟ್ಯೂನ್ಸ್ ತೆರೆದು ಕೊಳ್ಳಬೇಕು, ಅಲ್ಲಿ ಇಳಿಸಿಕೊಳ್ಳಬೇಕು, ಅಲ್ಲಿಂದ ಡಬ್ಬಿಗೆ ಕಳಿಸಬೇಕು, ಆಮೇಲೆ ಸೋಫಾ ಮೇಲೆ ಕೂತು ನೋಡಬೇಕು. ಸೋಫಾದಿಂದ ಏಳಬಾರದು ಎಂದು ಕೊಂಡ ಡಬ್ಬಿಗೆ ಇಷ್ಟು ಸಲ ಏಳುವುದಾ? ಹೊಸ ಅಗಲ ಟೀವಿ ತಂದವರಿಗೆ ಇನ್ನೊಂದು ನಿರಾಸೆ, ಅಂಗಡಿಯಲ್ಲಿ ಸಿಗುತ್ತಿದ್ದ ಸಿನಿಮಾಗಳೇ ಎಚ್‌ಡಿ ಆಗಿರಲಿಲ್ಲ.

2008ರ ಫೆಬ್ರವರಿಯಲ್ಲಿ ಸಾಫ್ಟ್‌ವೇರ್ ಬದಲಾಯಿಸಿ ಡಬ್ಬಿಯಿಂದಲೇ ಬಾಡಿಗೆಗೆ ಪಡೆಯಲು ಬಿಟ್ಟರು. ಅದರ ನಿಯಮವೂ ಒಂದು ತಮಾಷೆ. ಬಾಡಿಗೆಗೆ ತಂದ ಸಿನಿಮಾ 30 ದಿನದೊಳಗೆ ಶುರು ಮಾಡಬೇಕು, ಶುರು ಮಾಡಿದರೆ 24 ಗಂಟೆಯೊಳಗೆ ಮುಗಿಸಬೇಕು. ಮಗು ಮಲಗಿದ ಮೇಲೆ ಒಂದು ಗಂಟೆ ನೋಡಿ, ಉಳಿದಿದ್ದು ನಾಳೆ ಇದೇ ಹೊತ್ತಿಗೆ ಎಂದುಕೊಳ್ಳುವ ನನ್ನಂಥವರಿಗೆ ಈ 24 ಗಂಟೆ ಯಾವತ್ತೂ ಸಾಲುತ್ತಿರಲಿಲ್ಲ, ಏಕೆಂದರೆ ಮಾರನೇ ದಿನ ಮಗು ಹತ್ತು ನಿಮಿಷ ತಡವಾಗಿ ಮಲಗುತ್ತಿತ್ತು.

2010ರ ಸೆಪ್ಟೆಂಬರ್‌ನಲ್ಲಿ ಹಾರ್ಡ್ ಡಿಸ್ಕ್ ತೆಗೆದುಹಾಕಿ, ಅಂಗೈ ಅಗಲದ ಕಪ್ಪು ಡಬ್ಬಿಯನ್ನು 99 ಡಾಲರಿಗೆ ತಂದರು. ಆಗಲೇ ಅದು ಮನೆಯಲ್ಲಿಡುವಂಥ ಸಾಮಾನಾಗಿದ್ದು.

ಮೊದಲ ಆಪಲ್ ಟೀವಿ ಬಿಸಿ ಆಗುತ್ತದೆ, ತೊಂದರೆಯಾ?

ಅದು ಹಾಗೇ. ಆಫ್ ಮಾಡುವ ಗುಂಡಿಯೇ ಇಲ್ಲ. ಮೇಲೆ ಬಟ್ಟೆ, ಪುಸ್ತಕ ಇಡಬೇಡಿ.

ಅಮೆರಿಕದಿಂದ ತಂದ ಡಬ್ಬಿಯನ್ನು ನಮ್ಮ ಹಳೇ ಟೀವಿಗೆ ಹಾಕಬಹುದಾ?

ಮೂರು ವಿಷಯ ನೋಡಿ. ಮೊದಲು ಕರೆಂಟು. ಅಡಾಪ್ಟರ್ ಮೇಲೆ ಸಣ್ಣ ಅಕ್ಷರದಲ್ಲಿ 100-240 ವೋಲ್ಟ್ ಎಂದಿದ್ದರೆ ಸರಿ, ಬರೀ 120 ಎಂದಿದ್ದರೆ ನಮ್ಮ ಪ್ಲಗ್ಗಿಗೆ ಹಾಕಬೇಡಿ, ಢಂ ಎನ್ನುತ್ತದೆ. ಎರಡನೆಯದು ವೈರು. ನಮ್ಮಲ್ಲಿ ಆಗ ಮನೆಮನೆಯಲ್ಲಿ ಇದ್ದದ್ದು ಕೆಂಪು, ಬಿಳಿ, ಹಳದಿ ತೂತಿನ ಡೂಮ್ ಟೀವಿ. ಮೊದಲ ಆಪಲ್ ಟೀವಿಯಲ್ಲಿ ಹಳದಿ ತೂತೇ ಇಲ್ಲ. ಎಚ್‌ಡಿಎಂಐ ಅಥವಾ ಕಾಂಪೊನೆಂಟ್ (ಚಿತ್ರಕ್ಕೇ ಮೂರು ವೈರಿನ) ತೂತು ಇರುವ ಅಗಲ ಟೀವಿ ಬೇಕು. ಮೊದಲ ರೋಕು ಮಾತ್ರ ದೊಡ್ಡ ಮನಸ್ಸಿನದು, ಹಳದಿ ತೂತಿನಿಂದ ಎಚ್‌ಡಿಎಂಐವರೆಗೆ ಎಲ್ಲ ಕೊಟ್ಟಿತ್ತು.

ಮೂರನೆಯದು ಎಚ್‌ಡಿಸಿಪಿ ಎಂಬ ಬೀಗ. ಎಚ್‌ಡಿಎಂಐ ವೈರಿನ ಎರಡೂ ತುದಿಯಲ್ಲಿರುವ ಸಾಮಾನುಗಳು "ನೀನು ನಂಬಿಕಸ್ಥನಾ?" ಎಂದು ಒಂದನ್ನೊಂದು ಕೇಳಿಕೊಳ್ಳುತ್ತವೆ, ಸರಿಯಾದ ಉತ್ತರ ಬರದಿದ್ದರೆ ಪರದೆ ಕಪ್ಪು. ಟೀವಿ ಮೊದಲು ಹಚ್ಚಿ ಆಮೇಲೆ ಡಬ್ಬಿ ಹಚ್ಚುವುದು, ವೈರು ಕಿತ್ತು ಮತ್ತೆ ಚುಚ್ಚುವುದು, ಇದೆಲ್ಲ ಆಗಿನ ಮನೆಮದ್ದು. ಎಷ್ಟೋ ಸಲ ಕೆಲಸ ಮಾಡುತ್ತಿತ್ತು.

ಇಷ್ಟರಲ್ಲಿ ರೋಕು ಹೇಗೆ ಗೆದ್ದಿತು?

ಆಸೆ ಕಡಿಮೆ ಇಟ್ಟುಕೊಂಡು. ಕಥೆ ಚೆನ್ನಾಗಿದೆ. ನೆಟ್‌ಫ್ಲಿಕ್ಸ್ ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ಕಂಪನಿ, 2007ರ ಜನವರಿಯಲ್ಲಿ ಕಂಪ್ಯೂಟರಿನಲ್ಲಿ ಸಿನಿಮಾ ತೋರಿಸಲು ಶುರು ಮಾಡಿತು. ಟೀವಿಗೆ ತನ್ನದೇ ಡಬ್ಬಿಯನ್ನೂ ಒಳಗೊಳಗೇ ತಯಾರು ಮಾಡಿತ್ತು. ಬಿಡುಗಡೆಗೆ ಇನ್ನೇನು ಸ್ವಲ್ಪ ದಿನ ಇದೆ ಎನ್ನುವಾಗ ಮುಖ್ಯಸ್ಥ ರೀಡ್ ಹೇಸ್ಟಿಂಗ್ಸ್ ಬೇಡ ಎಂದುಬಿಟ್ಟರು. ನಾವೇ ಡಬ್ಬಿ ಮಾರಿದರೆ ಟೀವಿ, ಪ್ಲೇಯರ್ ಮಾಡುವವರು ನಮ್ಮನ್ನು ಎದುರಾಳಿ ಎಂದು ನೋಡುತ್ತಾರೆ, ಅವರ ಸಾಮಾನಿನೊಳಗೆ ನಮ್ಮನ್ನು ಸೇರಿಸಿಕೊಳ್ಳುವುದಿಲ್ಲ ಎಂಬುದು ಅವರ ಲೆಕ್ಕ. ಆ ಕೆಲಸ ಆಂಥೊನಿ ವುಡ್ ಅವರ ರೋಕು ಕಂಪನಿಗೆ ಹೋಯಿತು. ರೋಕು ಎಂದರೆ ಜಪಾನಿ ಭಾಷೆಯಲ್ಲಿ ಆರು, ಅದು ಅವರ ಆರನೇ ಕಂಪನಿ.

2008ರ ಮೇ ತಿಂಗಳಲ್ಲಿ 99.99 ಡಾಲರಿಗೆ ಡಬ್ಬಿ ಬಂತು. ಅದರಲ್ಲಿ ನೆಟ್‌ಫ್ಲಿಕ್ಸ್ ಬಿಟ್ಟರೆ ಬೇರೇನೂ ಇಲ್ಲ. ಹಾರ್ಡ್ ಡಿಸ್ಕ್ ಇಲ್ಲ. ಸಿನಿಮಾ ಹುಡುಕಲು ಕೂಡ ಆಗುತ್ತಿರಲಿಲ್ಲ, ಕಂಪ್ಯೂಟರಿನಲ್ಲಿ ಆರಿಸಿ ಸಾಲಿನಲ್ಲಿ ಇಟ್ಟದ್ದು ಮಾತ್ರ ಟೀವಿಯಲ್ಲಿ ಕಾಣುತ್ತಿತ್ತು. ಇದು ಕೊರತೆ ಅನ್ನಿಸುತ್ತದೆ ಅಲ್ವಾ? ಆದರೆ ಮನೆಯಲ್ಲಿ ಯಾರು ಬೇಕಾದರೂ ನಡೆಸಬಹುದಿತ್ತು. ನೆಟ್‌ಫ್ಲಿಕ್ಸ್‌ಗೆ ತಿಂಗಳಿಗೆ 8.99 ಡಾಲರ್ ಕಟ್ಟುತ್ತಿದ್ದವರಿಗೆ ಡಬ್ಬಿಯಲ್ಲಿ ನೋಡಲು ಬೇರೆ ದುಡ್ಡೂ ಇರಲಿಲ್ಲ. ಸಿನಿಮಾ ಬಹುಪಾಲು ಹಳೇವು, ಹೊಸದು ಸಿಕ್ಕುತ್ತಿರಲಿಲ್ಲ. ನಮಗೇನು, ನೋಡದ ಹಳೇವೇ ಬೇಕಾದಷ್ಟಿದ್ದವು.

ಗೂಗಲ್ ಟೀವಿ ಯಾಕೆ ಮುಗ್ಗರಿಸಿತು? ಅವರ ಹತ್ತಿರ ದುಡ್ಡು, ಬುದ್ಧಿ ಎರಡೂ ಇತ್ತಲ್ಲ?

ಈ ಪ್ರಶ್ನೆಗೆ ಉದ್ದ ಉತ್ತರ, ಕಾಫಿ ತಂದುಕೊಂಡು ಕೂರಿ.

2010ರ ಮೇ ತಿಂಗಳಲ್ಲಿ ಘೋಷಣೆ ಆಯಿತು. ಗೂಗಲ್ ಸಾಫ್ಟ್‌ವೇರ್, ಇಂಟೆಲ್ ಚಿಪ್ಪು, ಸೋನಿಯ ಟೀವಿ, ಲಾಜಿಟೆಕ್‌ನ ಡಬ್ಬಿ. ಆ ಡಬ್ಬಿಯ ಹೆಸರು ರೆವ್ಯೂ. ಅಕ್ಟೋಬರ್‌ನಲ್ಲಿ 299 ಡಾಲರಿಗೆ ಬಂತು, ಆಗ ಆಪಲ್‌ನ ಹೊಸ ಡಬ್ಬಿ 99ಕ್ಕೆ ಸಿಗುತ್ತಿತ್ತು. ರೆವ್ಯೂ ಜೊತೆ ಒಂದು ಪೂರ್ತಿ ಕೀಬೋರ್ಡ್. ಅದನ್ನು ಕೇಬಲ್ ಬಾಕ್ಸಿಗೂ ಟೀವಿಗೂ ನಡುವೆ ಇಡಬೇಕು, ಕೇಬಲ್ ಬಾಕ್ಸಿಗೆ ಅದು ರಿಮೋಟಿನ ಹಾಗೆ ಇನ್‌ಫ್ರಾರೆಡ್ ಬೆಳಕು ಬಿಟ್ಟು ಚಾನೆಲ್ ಬದಲಿಸುತ್ತದೆ. ಬೆಳಕು ಸರಿಯಾಗಿ ಬೀಳದಿದ್ದರೆ 105ಕ್ಕೆ ಹೋಗು ಎಂದರೆ 15ಕ್ಕೆ ಹೋಗುವಂಥ ಪಾಡು.

ಇದೆಲ್ಲ ಸಹಿಸಬಹುದಿತ್ತು. ನಿಜವಾದ ಏಟು ಬೇರೆ ಕಡೆಯಿಂದ ಬಂತು. ಡಬ್ಬಿಯಲ್ಲಿ ಕ್ರೋಮ್ ಬ್ರೌಸರ್ ಇತ್ತು, ಆಗ ವೆಬ್‌ನಲ್ಲಿ ವಿಡಿಯೋ ಓಡಿಸಲು ಬೇಕಿದ್ದ ಫ್ಲ್ಯಾಶ್ ಕೂಡ ಇತ್ತು. ಕಂಪ್ಯೂಟರಿನಲ್ಲಿ ಅಮೆರಿಕದ ಚಾನೆಲ್‌ಗಳಾದ ಎಬಿಸಿ, ಎನ್‌ಬಿಸಿ, ಸಿಬಿಎಸ್, ಚಾನೆಲ್ ಕಾರ್ಯಕ್ರಮ ತೋರಿಸುವ ಹುಲು ಇವುಗಳ ಸೈಟಿಗೆ ಹೋದರೆ ಧಾರಾವಾಹಿ ಪುಕ್ಕಟೆ ಕಾಣುತ್ತಿತ್ತು. ಹಾಗಾದರೆ ಟೀವಿಯ ಬ್ರೌಸರಿನಲ್ಲೂ ಕಾಣಬೇಕು ಅಲ್ವಾ? ಕಾಣಲಿಲ್ಲ. ಬ್ರೌಸರ್ ಯಾವ ಸೈಟಿಗೆ ಹೋದರೂ ಮೊದಲು ತನ್ನ ಹೆಸರು ಹೇಳುತ್ತದೆ. "ನಾನು ಗೂಗಲ್ ಟೀವಿ" ಎಂದ ಕೂಡಲೇ ಆ ಸೈಟುಗಳು ಬಾಗಿಲು ಹಾಕಿದವು. ಅದೇ ಧಾರಾವಾಹಿ, ಅದೇ ಸೈಟು, ಅದೇ ಮನೆಯ ಲೈನು. ಲ್ಯಾಪ್‌ಟಾಪ್‌ನಲ್ಲಿ ಬರುತ್ತದೆ, ಟೀವಿಯಲ್ಲಿ ಬರುವುದಿಲ್ಲ.

ಸುಮ್ನೆ ಹಟಕ್ಕೆ ಮಾಡಿದ್ದಲ್ಲ ಅದು. ಚಾನೆಲ್‌ಗಳಿಗೆ ಕೇಬಲ್ ಕಂಪನಿಗಳಿಂದ ದೊಡ್ಡ ದುಡ್ಡು ಬರುತ್ತಿತ್ತು, ಟೀವಿ ಜಾಹೀರಾತಿಗೆ ಸಿಗುವ ಬೆಲೆ ವೆಬ್ ಜಾಹೀರಾತಿಗೆ ಸಿಗುತ್ತಿರಲಿಲ್ಲ. ಡೆಸ್ಕಿನ ಮೇಲಿನ ಸಣ್ಣ ಪರದೆಯಲ್ಲಿ ಪುಕ್ಕಟೆ ನೋಡುವವರು ಹೇಗೂ ಟೀವಿ ಮುಂದೆ ಕೂರುವವರಲ್ಲ, ಅವರಿಗೆ ಕೊಟ್ಟರೆ ನಷ್ಟ ಇಲ್ಲ. ಹಾಲ್‌ನ ದೊಡ್ಡ ಪರದೆಯಲ್ಲೇ ಪುಕ್ಕಟೆ ಬಂದರೆ ಜನ ಕೇಬಲ್ ಕಟ್ಟುವುದೇ ಬಿಡುತ್ತಾರೆ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆನೋ ಏನೋ. ಆದರೆ 299 ಡಾಲರ್ ಕೊಟ್ಟು ತಂದವನಿಗೆ ಈ ಲೆಕ್ಕ ಹೇಳಿ ಏನು ಪ್ರಯೋಜನ?

ಮುಂದಿನದು ಲಾಜಿಟೆಕ್ ತಾನೇ ಒಪ್ಪಿಕೊಂಡ ಕಥೆ. ಬೆಲೆ 249ಕ್ಕೆ ಇಳಿಯಿತು. 2011ರ ಏಪ್ರಿಲ್‌ನಿಂದ ಜೂನ್ ನಡುವೆ ಮಾರಿದ್ದಕ್ಕಿಂತ ವಾಪಸ್ ಬಂದ ರೆವ್ಯೂಗಳೇ ಜಾಸ್ತಿ. ಜುಲೈನಲ್ಲಿ ಬೆಲೆ 99ಕ್ಕೆ ಬಿತ್ತು, ಮುಖ್ಯಸ್ಥರೂ ಹೊರಗೆ ಹೋದರು. ನವೆಂಬರ್‌ನಲ್ಲಿ ಅವರ ಜಾಗಕ್ಕೆ ಬಂದ ಗುವೆರಿನೊ ದೆ ಲೂಕಾ, ಇದರಿಂದ 10 ಕೋಟಿ ಡಾಲರಿಗೂ ಹೆಚ್ಚು ಲಾಭ ಕೈತಪ್ಪಿತು ಎಂದರು. ಇಂಟೆಲ್ ಕೂಡ ಟೀವಿ ಚಿಪ್ಪಿನ ಕೆಲಸದಿಂದ ಹಿಂದೆ ಸರಿಯಿತು.

ಬಾಕ್ಸೀ ಡಬ್ಬಿಯ ಜಗಳವೂ ಇದೇನಾ?

ಅದೇ ಜಗಳ, ಒಂದೂವರೆ ವರ್ಷ ಮುಂಚೆ. ಬಾಕ್ಸೀ ಮೊದಲು ಬರೀ ಸಾಫ್ಟ್‌ವೇರ್, ಎಕ್ಸ್‌ಬಿಎಂಸಿ ಎಂಬ, ಯಾರು ಬೇಕಾದರೂ ತೆಗೆದು ತಿದ್ದಬಹುದಾದ ವಿಡಿಯೋ ಪ್ಲೇಯರ್ ಯೋಜನೆಯಿಂದ ಕವಲೊಡೆದದ್ದು. ಅದೇ ಎಕ್ಸ್‌ಬಿಎಂಸಿ ಈಗಿನ ಕೋಡಿ. 2009ರ ಫೆಬ್ರವರಿಯಲ್ಲಿ ಹುಲು, ತನ್ನ ಕಾರ್ಯಕ್ರಮ ಕೊಡುವ ಚಾನೆಲ್‌ಗಳ ಒತ್ತಾಯಕ್ಕೆ, ನಮ್ಮನ್ನು ತೆಗೆಯಿರಿ ಎಂದಿತು. ಬಾಕ್ಸೀ ತೆಗೆಯಿತು, ಸ್ವಲ್ಪ ದಿನದಲ್ಲೇ ಬೇರೆ ದಾರಿಯಿಂದ ತಂದಿತು, ಅದನ್ನೂ ಮುಚ್ಚಿದರು. ಇಲಿ ಬೆಕ್ಕಿನ ಆಟ.

2010ರ ನವೆಂಬರ್‌ನಲ್ಲಿ ಡಿ-ಲಿಂಕ್ ಮಾಡಿದ ಬಾಕ್ಸೀ ಬಾಕ್ಸ್ ಬಂತು. ಚೌಕ ಪೆಟ್ಟಿಗೆಯ ಒಂದು ಮೂಲೆ ನೆಲದೊಳಗೆ ಹೂತುಹೋದ ಹಾಗೆ ಕಾಣುತ್ತದೆ. ಶೋಕೇಸಿನಲ್ಲಿ ಇಟ್ಟರೆ ಎಲ್ಲರೂ ಅದೇನು ಎಂದು ಕೇಳುತ್ತಾರೆ, ಆದರೆ ಅದರ ಮೇಲೆ ಬೇರೇನೂ ಪೇರಿಸಲು ಆಗುವುದಿಲ್ಲ. 2013ರಲ್ಲಿ ಸ್ಯಾಮ್‌ಸಂಗ್ ಕಂಪನಿಯನ್ನು ಕೊಂಡಿತು, ಬಾಕ್ಸೀ ಕಥೆ ಅಲ್ಲಿಗೆ ಮುಗಿಯಿತು.

ನೆಕ್ಸಸ್ ಕ್ಯೂ?

ಗೂಗಲ್‌ನದೇ, 2012ರ ಜೂನ್. ಕಪ್ಪು ಗುಂಡು, ಸುತ್ತ ಬೆಳಕಿನ ಪಟ್ಟಿ, 299 ಡಾಲರ್. ಅಂಗಡಿಗೆ ಬರಲೇ ಇಲ್ಲ. ಮುಂಗಡ ಹೇಳಿದವರಿಗೆ ಪುಕ್ಕಟೆ ಕಳಿಸಿ ಮುಗಿಸಿದರು.

ರಿಮೋಟಿನಲ್ಲಿ ಟೈಪ್ ಮಾಡುವುದು ಅಷ್ಟು ಕಷ್ಟವಾ?

ಒಮ್ಮೆ ವೈಫೈ ಪಾಸ್‌ವರ್ಡ್ ಹಾಕಿ ನೋಡಿ. ಪರದೆಯ ಮೇಲೆ ಅಕ್ಷರಗಳ ಚೌಕ, ಬಾಣದ ಗುಂಡಿಯಲ್ಲಿ ಒಂದೊಂದೇ ಅಕ್ಷರಕ್ಕೆ ನಡೆದುಕೊಂಡು ಹೋಗಬೇಕು. ಎ ಇಂದ ಝೆಡ್‌ಗೆ ಹೋಗಿ ಬರುವಷ್ಟರಲ್ಲಿ ಕಾಫಿ ಆರುತ್ತದೆ. ದೊಡ್ಡಕ್ಷರ, ಸಣ್ಣಕ್ಷರ, ಮಧ್ಯೆ ಒಂದು ಚಿಹ್ನೆ. ಕೊನೆಯಲ್ಲಿ ತಪ್ಪು ಎಂದರೆ ಮೊದಲಿಂದ. ನಮ್ಮ ಭಾವ ಇದೇ ಕಾರಣಕ್ಕೆ ಮನೆಯ ವೈಫೈ ಪಾಸ್‌ವರ್ಡನ್ನು ಎಂಟು ಒಂದುಗಳಿಗೆ ಬದಲಿಸಿದ್ದರು. ಬಾಕ್ಸೀಯವರು ರಿಮೋಟಿನ ಬೆನ್ನಿಗೆ ಪೂರ್ತಿ ಕೀಬೋರ್ಡ್ ಇಟ್ಟರು. ಒಳ್ಳೇ ಉಪಾಯವೇ, ಆದರೆ ಕತ್ತಲಲ್ಲಿ ಯಾವ ಕಡೆ ಹಿಡಿದಿದ್ದೇವೆ ಎಂದೇ ಗೊತ್ತಾಗುತ್ತಿರಲಿಲ್ಲ. ಕ್ರೋಮ್‌ಕಾಸ್ಟ್ ಈ ತಲೆನೋವನ್ನೇ ಕಿತ್ತುಹಾಕಿತು, ರಿಮೋಟೇ ಬೇಡ, ಕೈಯಲ್ಲಿರುವ ಫೋನಿನಲ್ಲಿ ಹುಡುಕು, ಟೀವಿಗೆ ಕಳಿಸು ಎಂದಿತು.

ಈ ಡಬ್ಬಿಗಳನ್ನು ಆಗ ನಮ್ಮೂರಿನಲ್ಲಿ ಬಳಸಬಹುದಿತ್ತಾ?

ಹೆಸರಿಗೆ ಬಳಸಬಹುದಿತ್ತು. 2004ರ ಸರ್ಕಾರಿ ನೀತಿಯ ಪ್ರಕಾರ ನಮ್ಮಲ್ಲಿ 256 ಕೆಬಿಪಿಎಸ್ ಇದ್ದರೆ ಅದಕ್ಕೆ ಬ್ರಾಡ್‌ಬ್ಯಾಂಡ್ ಎಂದು ಹೆಸರು. 2013ರಲ್ಲಿ 512 ಮಾಡಿದರು. ಮೇಲಿನ 39 ಗಂಟೆಯ ಲೆಕ್ಕ ಇನ್ನೊಮ್ಮೆ ನೋಡಿ. ಜೊತೆಗೆ ತಿಂಗಳಿಗೆ ಇಷ್ಟೇ ಜಿಬಿ ಎಂಬ ಮಿತಿ. ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಲೆಕ್ಕವಿಲ್ಲ ಎನ್ನುವ ಪ್ಲಾನ್ ಇದ್ದವರು ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು ಡೌನ್‌ಲೋಡ್ ಹಚ್ಚಿ ಮಲಗುತ್ತಿದ್ದ ಕಾಲ ಅದು. ನಾನು 2012ರಲ್ಲಿ ವಾಪಸ್ ಬಂದು ಹಾಕಿಸಿಕೊಂಡ ಲೈನಿನ ಕಂಪನಿಯವರು ಹೇಳಿದ ವೇಗ ತಿಂಗಳ ಮೊದಲ ಐದು ದಿನ ಇರುತ್ತಿತ್ತು, ಮಿಕ್ಕ ದಿನ ಮೋಡೆಮ್ಮಿನ ದೀಪ ಮಿನುಗುತ್ತಿತ್ತು ಅಷ್ಟೇ.

ವೇಗ ಇದ್ದರೂ ನೋಡಲು ಏನಿತ್ತು? ಸಿನಿಮಾದ ಹಕ್ಕು ದೇಶ ದೇಶಕ್ಕೆ ಬೇರೆ. ಐಟ್ಯೂನ್ಸ್ ಅಂಗಡಿ ಭಾರತಕ್ಕೆ ಬಂದಿದ್ದು 2012ರ ಡಿಸೆಂಬರ್‌ನಲ್ಲಿ, ನೆಟ್‌ಫ್ಲಿಕ್ಸ್ 2016ರ ಜನವರಿ 6ರಂದು. ಅದಕ್ಕೆ ಮುಂಚೆ ಕೆಲವರು ಡಿಎನ್‌ಎಸ್ (ಸೈಟಿನ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಬದಲಿಸಿ, ಅಮೆರಿಕದಲ್ಲಿದ್ದೇವೆ ಎಂದು ನಂಬಿಸಿ ನೋಡುತ್ತಿದ್ದರು. 2016ರಲ್ಲೇ ನೆಟ್‌ಫ್ಲಿಕ್ಸ್ ಅಂಥ ದಾರಿಗಳನ್ನು ಮುಚ್ಚಲು ಶುರು ಮಾಡಿತು.

ನಮ್ಮಲ್ಲಿ ನಿಜವಾಗಿ ಓಡಿದ್ದು ಬೇರೆ ಡಬ್ಬಿ. ವೆಸ್ಟರ್ನ್ ಡಿಜಿಟಲ್‌ನವರ ಡಬ್ಲ್ಯುಡಿ ಟೀವಿ, 2008ರಲ್ಲಿ ಬಂದದ್ದು. ಮೊದಲನೆಯದಕ್ಕೆ ಇಂಟರ್ನೆಟ್ಟೇ ಬೇಡ. ಹಾರ್ಡ್ ಡಿಸ್ಕ್ ಚುಚ್ಚಿ, ವಿಡಿಯೋ ಫೈಲು ಎಂಕೆವಿ ಇರಲಿ ಎವಿಐ ಇರಲಿ, ಹಾಕಿದ್ದು ಓಡುತ್ತದೆ. ಸ್ಟ್ರೀಮಿಂಗ್ ಎಂದರೆ ಗೆಳೆಯನ ಮನೆಯಿಂದ ಹಾರ್ಡ್ ಡಿಸ್ಕ್ ತರುವುದು. 2013ರ ಹೊತ್ತಿಗೆ ಆಮ್ಕೆಟ್‌ನ ಇವೋ ಟೀವಿಯಂಥ ಇಲ್ಲಿನವೂ ಅಂಗಡಿಗೆ ಬಂದವು. ಕ್ರೋಮ್‌ಕಾಸ್ಟ್ ಇಲ್ಲಿಗೆ 2014ರ ಡಿಸೆಂಬರ್‌ನಲ್ಲಿ 2,999 ರೂಪಾಯಿಗೆ ಬಂತು.

ಕನ್ನಡ ಕಾಣುತ್ತಿತ್ತಾ?

ನನ್ನ ಹತ್ತಿರ ಇರುವ ಹಳೇ ಡಬ್ಬಿಗಳಲ್ಲಿ ಫೈಲಿನ ಹೆಸರು ಕನ್ನಡದಲ್ಲಿದ್ದರೆ ಬರೀ ಚೌಕ ಚೌಕ. ಒಂದರಲ್ಲಿ ಅಕ್ಷರ ಬರುತ್ತದೆ, ಆದರೆ ಒತ್ತಕ್ಷರ ಬಿಡಿಬಿಡಿಯಾಗಿ ಪಕ್ಕಕ್ಕೆ ಬಿದ್ದಿರುತ್ತದೆ. ಫಾಂಟ್ ಇದ್ದರೆ ಸಾಲದು, ಒತ್ತನ್ನು ಕೆಳಗೆ ಕೂರಿಸುವ ತಂತ್ರಾಂಶವೂ ಬೇಕು, ಅದನ್ನು ಆಗ ಇಂಥ ಸಣ್ಣ ಡಬ್ಬಿಗೆ ಹಾಕುವಷ್ಟು ತಲೆ ಯಾರೂ ಕೆಡಿಸಿಕೊಂಡಿರಲಿಲ್ಲ. ಎಲ್ಲ ಸಿನಿಮಾ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೆವು. ಅಮೆರಿಕದಲ್ಲಿದ್ದ ಕನ್ನಡದವರಿಗೆ ಕೆಲವು ವರ್ಷ ಆದ ಮೇಲೆ ರೋಕುವಿನಲ್ಲಿ, ಭಾರತದ ಚಾನೆಲ್‌ಗಳನ್ನು ಇಂಟರ್ನೆಟ್‌ನಲ್ಲಿ ತೋರಿಸುವ ಯಪ್‌ಟೀವಿ ಮೂಲಕ ನಮ್ಮ ಚಾನೆಲ್‌ಗಳು ಬಂದವು. ಊರಿಂದ ಬಂದ ಅಪ್ಪ ಅಮ್ಮಂದಿರಿಗೆ ಮಧ್ಯಾಹ್ನ ಕಳೆಯಲು ಅದೊಂದು ದಾರಿ.

ಅಟ್ಟದಲ್ಲಿ ಸಿಕ್ಕಿದ ಡಬ್ಬಿಯನ್ನು ಈಗ ಹಾಕಿದರೆ ನಡೆಯುತ್ತದಾ?

ದೀಪ ಹತ್ತುತ್ತದೆ. ಮೆನು ಬರುತ್ತದೆ. ಅದರಾಚೆ ಬಹಳ ಸಲ ಏನೂ ಇಲ್ಲ. ಡಬ್ಬಿಯೊಳಗೆ ಯಾವ ಭಾಗವೂ ಸುಟ್ಟಿರುವುದಿಲ್ಲ, ಆಚೆ ತುದಿಯಲ್ಲಿ ಉತ್ತರ ಕೊಡುವವರು ಹೋಗಿರುತ್ತಾರೆ.

2015ರ ಏಪ್ರಿಲ್‌ನಿಂದ ಯೂಟ್ಯೂಬ್, ಡಬ್ಬಿಗಳು ತನ್ನಿಂದ ವಿಡಿಯೋ ಪಡೆಯುತ್ತಿದ್ದ ಹಳೇ ದಾರಿಯನ್ನು ಮುಚ್ಚಿತು. ಮೊದಲೆರಡು ಆಪಲ್ ಟೀವಿ, ಹಳೇ ಗೂಗಲ್ ಟೀವಿ, 2012 ಮತ್ತು ಅದಕ್ಕೂ ಹಿಂದಿನ ಎಷ್ಟೋ ಸ್ಮಾರ್ಟ್ ಟೀವಿಗಳು ಎಲ್ಲದರಲ್ಲೂ ಯೂಟ್ಯೂಬ್ ಹೋಯಿತು. 2018ರ ಮೇ 25ರಿಂದ ಮೊದಲ ಆಪಲ್ ಟೀವಿಗೆ ಐಟ್ಯೂನ್ಸ್ ಅಂಗಡಿ ಬಂದ್. 2019ರ ಡಿಸೆಂಬರ್‌ನಲ್ಲಿ ಹಳೇ ರೋಕುಗಳಲ್ಲಿ ನೆಟ್‌ಫ್ಲಿಕ್ಸ್ ಹೋಯಿತು. ನೆಟ್‌ಫ್ಲಿಕ್ಸ್ ಒಂದಕ್ಕೇ ಹುಟ್ಟಿದ ಡಬ್ಬಿಯಲ್ಲಿ ನೆಟ್‌ಫ್ಲಿಕ್ಸೇ ಇಲ್ಲ!

ಕಾರಣ ಬಹುಪಾಲು ಬೀಗದ್ದು. ಸಿನಿಮಾ ಬರುವುದು ಡಿಆರ್‌ಎಂ ಎಂಬ ಬೀಗ ಹಾಕಿಕೊಂಡು, ಕೀಲಿ ಡಬ್ಬಿಯೊಳಗೆ. ಕಂಪನಿ ಬೀಗ ಬದಲಿಸಿದರೆ ಹಳೇ ಕೀಲಿ ದಂಡ. ಹೊಸ ಕೀಲಿ ಹಾಕಲು ಹಳೇ ಚಿಪ್ಪಿಗೆ ಶಕ್ತಿ ಇರುವುದಿಲ್ಲ, ಅಥವಾ ಹಾಕುವ ಮನಸ್ಸು ಯಾರಿಗೂ ಇರುವುದಿಲ್ಲ. ಇನ್ನೊಂದು ಕಾರಣ ಸರ್ಟಿಫಿಕೇಟ್. ಸರ್ವರ್ ಅಸಲಿ ಎಂದು ತಿಳಿಯಲು ಡಬ್ಬಿಯೊಳಗೆ ಇಟ್ಟಿರುವ ಗುರುತಿನ ಚೀಟಿ ಅದು, ಅದಕ್ಕೆ ಅವಧಿ ಇರುತ್ತದೆ. ಇದು ಹಳೇ ಕಾಲದ ಮಾತಲ್ಲ. 2025ರ ಮಾರ್ಚ್‌ನಲ್ಲಿ ಹತ್ತು ವರ್ಷದ ಒಂದು ಸರ್ಟಿಫಿಕೇಟ್ ಅವಧಿ ಮುಗಿದು ಎರಡನೇ ತಲೆಮಾರಿನ ಕ್ರೋಮ್‌ಕಾಸ್ಟ್‌ಗಳು ಒಂದೇ ದಿನ ಎಲ್ಲ ಕಡೆ ನಿಂತುಹೋದವು. ಗೂಗಲ್ ಕೆಲವು ದಿನಗಳಲ್ಲಿ ಸರಿ ಮಾಡಿತು. ಮಾಡುವವರು ಇದ್ದರು, ಅದಕ್ಕೇ ಆಯಿತು. ನನ್ನ ಪೆಟ್ಟಿಗೆಯ ಡಬ್ಬಿಗಳಿಗೆ ಯಾರಿದ್ದಾರೆ?

ಹ್ಯಾಕ್ ಮಾಡಿ ಬೇರೆ ಏನಾದರೂ ಹಾಕಬಹುದಾ?

ಮೊದಲ ಆಪಲ್ ಟೀವಿಗೆ ಆಗುತ್ತಿತ್ತು. ಒಳಗೆ ಇರುವುದು ಇಂಟೆಲ್ ಚಿಪ್ಪು, ಯುಎಸ್‌ಬಿ ಕಡ್ಡಿಯಿಂದ ಬೂಟ್ ಮಾಡಿಸಿ ಎಕ್ಸ್‌ಬಿಎಂಸಿ ಹಾಕುತ್ತಿದ್ದರು. ಇನ್ನೂ ಸ್ಪಷ್ಟವಾದ 1080ಪಿ ಚಿತ್ರ ಓಡಿಸುವ ಶಕ್ತಿ ಇಲ್ಲ ಎಂದು ಜನ ಒಳಗಿನ ವೈಫೈ ಕಾರ್ಡ್ ಕಿತ್ತು, ಆ ಜಾಗಕ್ಕೆ ಬ್ರಾಡ್‌ಕಾಮ್‌ನ ಕ್ರಿಸ್ಟಲ್ ಎಚ್‌ಡಿ ಎಂಬ ಕಾರ್ಡ್ ಹಾಕುತ್ತಿದ್ದರು. ವೈಫೈ ಹೋಯಿತು, ಚಿತ್ರ ಬಂತು. ನಾನೂ ಮಾಡಿದ್ದೇನೆ, ಒಂದು ಸ್ಕ್ರೂ ಇವತ್ತಿಗೂ ಸಿಕ್ಕಿಲ್ಲ. ಈಗ ಹೊಸದಾಗಿ ಶುರು ಮಾಡುವವರಿಗೆ ನನ್ನ ಮಾತು, ಬೇಡ. ಆ ಸಮಯದಲ್ಲಿ ರಾಸ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರ್ ಒಂದನ್ನು ತಂದು ಕೋಡಿ ಹಾಕಿಕೊಳ್ಳಿ.

ಮಾರಬಹುದಾ? ಎಸೆಯಬಹುದಾ?

ಮಾರಿದರೆ ದುಡ್ಡು ಬರುವುದಿಲ್ಲ. ಕೊಡುವುದಾದರೆ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ, ನಿಮ್ಮ ಖಾತೆ, ಕಾರ್ಡ್ ವಿವರ ಒಳಗಿರಬಹುದು. ಹಾರ್ಡ್ ಡಿಸ್ಕ್ ಇರುವುದಾದರೆ ಅದನ್ನು ತೆಗೆದಿಟ್ಟುಕೊಳ್ಳಿ. ಉಳಿದಿದ್ದು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ, ಹಸಿ ಕಸದ ಜೊತೆ ಹಾಕಬೇಡಿ.

ನಿಮ್ಮ ಮನೆಯಲ್ಲಿ ಇವುಗಳಲ್ಲಿ ಯಾವುದಾದರೂ ಇನ್ನೂ ಓಡುತ್ತಿದೆಯಾ?

ಒಂದು. ಅಮ್ಮನ ರೂಮಿನ ಡಬ್ಲ್ಯುಡಿ ಟೀವಿ. ಅದಕ್ಕೆ ವೈಫೈ ಇಲ್ಲ, ಖಾತೆ ಇಲ್ಲ, ಅಪ್‌ಡೇಟ್ ಇಲ್ಲ. ಹಿಂದೆ ನೇತಾಡುವ ಹಾರ್ಡ್ ಡಿಸ್ಕಿನಲ್ಲಿ ರಾಜ್‌ಕುಮಾರ್ ಸಿನಿಮಾಗಳು ತುಂಬಿವೆ. ರಿಮೋಟಿನ ಓಕೆ ಗುಂಡಿಯ ಮೇಲಿನ ಅಕ್ಷರ ಸವೆದುಹೋಗಿದೆ, ಅಮ್ಮ ಕೆಂಪು ನೇಲ್ ಪಾಲಿಶ್‌ನಲ್ಲಿ ಒಂದು ಚುಕ್ಕೆ ಇಟ್ಟುಕೊಂಡಿದ್ದಾರೆ.